ಗಾಡಿಯೇ ಹುಟ್ಟಿಸುವ ಥಂಡಿ

ಬನದ ಹುಣ್ಣಿಮೆಯ ಆಸುಪಾಸಿನ ದಿನಗಳು. ಬಾದಾಮಿ ಪಕ್ಕದ ಬನಶಂಕರಿ ಜಾತ್ರೆಯಲ್ಲಿ ಕೊನೆಯ ಆಟ ಮುಗಿದು ನಾಟಕದ ಟೆಂಟು ಖಾಲಿಯಾಗುವ ಹೊತ್ತಿಗೆ ಬೆಳಗಿನ ಜಾವ. ತಗಡಿನ ಗೋಡೆಯಾಚೆ ಸಾಲಾಗಿ ನಿಲ್ಲಿಸಿದ ಗಾಡಿಗಳ ಸೀಟು ಮಂಜಿನಿಂದ ಒದ್ದೆಯಾಗಿವೆ. ಒಬ್ಬ ಟವೆಲಿನಿಂದ ಸೀಟು ಒರೆಸಿ ಅದೇ ಟವೆಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಳ್ಳುತ್ತಾನೆ. ಇನ್ನೊಬ್ಬ ಕಿಕ್ ಹೊಡೆದು, ಹೊರಡುವ ಬದಲು ಬಗ್ಗಿ ಎಂಜಿನ್ನಿಗೆ ಅಂಗೈ ಹಿಡಿಯುತ್ತಾನೆ. ಹಿಂದೆ ಕೂತವನ ಎರಡೂ ಕೈ ಆಗಲೇ ಮುಂದಿನವನ ಸ್ವೆಟರಿನ ಜೇಬು ಸೇರಿವೆ. ಚೊಳಚಗುಡ್ಡ ದಾಟಿ ಹೊಲದ ನಡುವಿನ ರಸ್ತೆಗೆ ಬಿದ್ದ ಐದು ನಿಮಿಷಕ್ಕೇ ಮುಂದಿನವನ ದೂರು ಶುರು: ‘ಕೈ ಸೆಟದಾವು ನೋಡ್ಲೇ, ಕ್ಲಚ್ ಹಿಡಿಯಾಕ ಬರವಲ್ದು.’

ಜಾತ್ರೆಯಿಂದ ಮರಳುವವರಿಗೆ ಇದು ಒಂದು ರಾತ್ರಿಯ ಪಾಡು. ಆದರೆ ಡಿಸೆಂಬರ್‌ನಿಂದ ಜನವರಿ ಕೊನೆಯವರೆಗೆ ದಿನಾ ನಸುಕಿನಲ್ಲಿ ಗಾಡಿ ಹತ್ತುವವರು ಬೇರೆ ಇದ್ದಾರೆ. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವರು, ಪೇಪರ್ ಹಂಚುವ ಹುಡುಗರು, ಕಾಯಿಪಲ್ಯೆ ಗಂಟು ಹೇರಿಕೊಂಡು ಬಾಗಲಕೋಟೆಯ ಸಂತೆಗೆ ಹೊರಟವರು, ಹುನಗುಂದದಿಂದ ಇಳಕಲ್‌ನ ಕಲ್ಲಿನ ಕೆಲಸಕ್ಕೆ ಹೋಗುವವರು, ಬಾಗಲಕೋಟೆಯಲ್ಲಿ ಮನೆ ಮಾಡಿಕೊಂಡು ಹಳ್ಳಿ ಶಾಲೆಗೆ ಓಡಾಡುವ ಮೇಷ್ಟ್ರುಗಳು. ಇವರಲ್ಲಿ ಬಹಳ ಮಂದಿಯ ಕೈಗೆ ಗ್ಲೌಸ್ ಇಲ್ಲ, ಕಾಲಲ್ಲಿ ಇರುವುದು ಚಪ್ಪಲಿ.

ಬಿಸಿಲು ನಾಡಿನ ಚಳಿಗಾಲ

ನಮ್ಮದು ಬಿಸಿಲಿನ ಸೀಮೆ ಎಂಬುದು ಎಲ್ಲರ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಅದು ಸುಳ್ಳಲ್ಲ. ಏಪ್ರಿಲ್‌-ಮೇನಲ್ಲಿ ಇಲ್ಲಿ 40 ಡಿಗ್ರಿ ಮುಟ್ಟುತ್ತದೆ. ಆದರೆ ಬೇಸಿಗೆಯ ಸುಡುಬಿಸಿಲಿಗೂ ಚಳಿಗಾಲದ ಥಂಡಿಗೂ ಕಾರಣ ಬಹುಪಾಲು ಒಂದೇ: ಸಮುದ್ರ ದೂರ, ಗಾಳಿ ಒಣ, ಆಕಾಶ ನಿಚ್ಚಳ.

ಮಳೆಗಾಲ ಮುಗಿದ ಮೇಲೆ ಗಾಳಿಯ ತೇವ ಇಳಿಯುತ್ತದೆ, ಮೋಡ ಚದುರುತ್ತದೆ. ಹಗಲು ಕಾದ ನೆಲ ಸೂರ್ಯ ಮುಳುಗಿದ ಮೇಲೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಅದನ್ನು ತಡೆದು ಹಿಂದಕ್ಕೆ ಕಳಿಸಲು ಮೇಲೆ ಮೋಡದ ಹೊದಿಕೆಯಿಲ್ಲ. ರಾತ್ರಿಯಿಡೀ ಈ ಸೋರಿಕೆ ನಡೆದು, ಸೂರ್ಯ ಹುಟ್ಟುವ ಹೊತ್ತಿಗೆ ಥಂಡಿ ತುದಿ ಮುಟ್ಟುತ್ತದೆ. ಮಧ್ಯರಾತ್ರಿಗಿಂತ ಬೆಳಗಿನ ಆರು ಗಂಟೆ ಹೆಚ್ಚು ಕೊರೆಯುವುದು ಇದಕ್ಕೇ. ಗಟ್ಟಿ ಚಳಿ ಬಿದ್ದ ಬೆಳಗುಗಳಲ್ಲಿ ಉಷ್ಣತೆ 10-12 ಡಿಗ್ರಿಗೆ ಇಳಿಯುವುದು ಇಲ್ಲಿ ಹೊಸದೇನಲ್ಲ. ಅದೇ ದಿನ ಮಧ್ಯಾಹ್ನ 28-30 ಡಿಗ್ರಿ ಬಿಸಿಲೂ ಇರುತ್ತದೆ.

ನೆಲದ ಏರಿಳಿತದ ಆಟವೂ ಇದರಲ್ಲಿದೆ. ತಣ್ಣನೆಯ ಗಾಳಿ ಭಾರ, ಅದು ತಗ್ಗಿಗೆ ಹರಿದು ನಿಲ್ಲುತ್ತದೆ. ಬಾದಾಮಿಯಿಂದ ಪಟ್ಟದಕಲ್ಲು, ಐಹೊಳೆ ಕಡೆಗೆ ಮಲಪ್ರಭೆಯ ದಂಡೆ ಹಿಡಿದು ಹೋಗುವವರಿಗೆ ಇದು ಗೊತ್ತು. ಹಳ್ಳದ ಸೇತುವೆಗೆ ಇಳಿದ ಕೂಡಲೇ ಮೊಣಕಾಲಿಗೆ ಥಂಡಿ ಬಡಿಯುತ್ತದೆ, ಏರು ಹತ್ತಿದರೆ ಸ್ವಲ್ಪ ಹಗುರ. ಸಂಜೆಯ ಹೊತ್ತು ಬಾದಾಮಿಯ ಕೆಂಪು ಬಂಡೆಗಳ ಪಕ್ಕ ಹಾಯುವಾಗ ಬೆಚ್ಚನೆ ಅನ್ನಿಸುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ಕಲ್ಲು ಆಗ ಹೊರಬಿಡುತ್ತಿರುತ್ತದೆ. ಬಾಗಲಕೋಟೆಯ ಸುತ್ತ ಇನ್ನೊಂದು ಸಂಗತಿ. ಆಲಮಟ್ಟಿ ಜಲಾಶಯದ ಹಿನ್ನೀರು ಮಳೆಗಾಲ ಮುಗಿದ ಮೇಲೂ ತುಂಬಿಕೊಂಡು ನಿಂತಿರುತ್ತದೆ. ನೀರಿನ ಮೇಲಿನ ತೇವದ ಗಾಳಿ ನಸುಕಿನಲ್ಲಿ ಮಂಜಾಗಿ ರಸ್ತೆಗೆ ಬಂದರೆ ಗ್ಲೌಸು, ಪ್ಯಾಂಟು ಎರಡೂ ತೇವವಾಗುತ್ತವೆ. ಒದ್ದೆ ಬಟ್ಟೆ ಒಣ ಬಟ್ಟೆಗಿಂತ ಬಹಳ ಬೇಗ ಮೈಯ ಶಾಖ ಹೀರುತ್ತದೆ.

ಹತ್ತು ಗಂಟೆಗೆಲ್ಲ ಕಳಚಿ ಎಲ್ಲಿಡುವುದು ಎಂದು ಯೋಚಿಸಬೇಕಾದ ದಪ್ಪ ಜಾಕೆಟ್ಟಿಗೆ, ಗ್ಲೌಸಿಗೆ ದುಡ್ಡು ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಕಾಶ್ಮೀರದಲ್ಲಿ, ಪಂಜಾಬಿನಲ್ಲಿ ಚಳಿಗೆ ಸಿದ್ಧತೆ ಇದೆ. ನಮ್ಮಲ್ಲಿ ಎರಡು ತಾಸಿನ ಚಳಿಯನ್ನು ಹಲ್ಲು ಕಚ್ಚಿ ಕಳೆಯುವ ರೂಢಿ.

ಹತ್ತು ಐದಾಗುವ ಲೆಕ್ಕ

ಮನೆ ಅಂಗಳದಲ್ಲಿ ನಿಂತಾಗ ಹಿತವಾಗಿದ್ದ ಚಳಿ ಗಾಡಿ ಮೇಲೆ ಕೊರೆಯುವುದೇಕೆ? ನಿಂತಾಗ ಚರ್ಮದ ಸುತ್ತ ಬೆಚ್ಚನೆಯ ಗಾಳಿಯ ತೆಳು ಪದರವೊಂದು ಅಂಟಿಕೊಂಡಿರುತ್ತದೆ. ಅದನ್ನು ಬಿಸಿ ಮಾಡಿರುವುದು ನಮ್ಮದೇ ಮೈ. ಗಾಡಿ ಓಡಿದ ಕೂಡಲೇ ಎದುರು ಗಾಳಿ ಆ ಪದರವನ್ನು ಕಿತ್ತೊಯ್ಯುತ್ತದೆ. ಮೈ ಮತ್ತೆ ಬಿಸಿ ಮಾಡುತ್ತದೆ, ಗಾಳಿ ಮತ್ತೆ ಒಯ್ಯುತ್ತದೆ.

ಇದನ್ನು ಮೊದಲು ಅಳೆದವರು ಅಂಟಾರ್ಕ್ಟಿಕಾದಲ್ಲಿದ್ದ ಅಮೆರಿಕದ ಪಾಲ್ ಸಿಪಲ್ ಮತ್ತು ಚಾರ್ಲ್ಸ್ ಪಾಸೆಲ್. ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ ಗಾಳಿಗೆ ತೂಗುಹಾಕಿ, ಅದು ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ನೋಡಿದರು. 1945ರಲ್ಲಿ ಅವರ ಲೆಕ್ಕ ಪ್ರಕಟವಾಯಿತು. 2001ರಲ್ಲಿ ಅಮೆರಿಕ ಮತ್ತು ಕೆನಡಾ ಸೇರಿ ಸುಧಾರಿಸಿದ ಸೂತ್ರ ಈಗ ಬಳಕೆಯಲ್ಲಿದೆ. ಆ ಸೂತ್ರಕ್ಕೆ ನಮ್ಮ 10 ಡಿಗ್ರಿಯ ಬೆಳಗನ್ನು ಹಾಕಿ ನೋಡಿದರೆ, ಗಂಟೆಗೆ 20 ಕಿ.ಮೀ. ವೇಗದಲ್ಲಿ ತೆರೆದ ಚರ್ಮಕ್ಕೆ ಅದು ಸುಮಾರು 7 ಡಿಗ್ರಿಯಂತೆ ತಟ್ಟುತ್ತದೆ. 40ರಲ್ಲಿ 6, 60ರಲ್ಲಿ 5.

ಈ ಅಂಕಿಗಳಲ್ಲಿ ಒಂದು ವಿಚಿತ್ರವಿದೆ. ವೇಗ 20ರಿಂದ 60ಕ್ಕೆ, ಅಂದರೆ ಮೂರು ಪಟ್ಟು ಏರಿದರೂ ಚಳಿ ಏರುವುದು ಎರಡು ಡಿಗ್ರಿಯಷ್ಟೇ. ಬೆಚ್ಚನೆಯ ಪದರ ಮೊದಲ 20 ಕಿಲೋಮೀಟರ್ ವೇಗಕ್ಕೇ ಹೆಚ್ಚೂಕಡಿಮೆ ಹಾರಿಹೋಗಿರುತ್ತದೆ. ಹಾಗಾಗಿ ‘ಸಾವಕಾಶ ಹೊಡದ್ರ ಥಂಡಿ ಹತ್ತೂದಿಲ್ಲ’ ಎಂಬ ಮಾತು ಅರ್ಧ ನಿಜ. ಸಾವಕಾಶ ಹೋದರೆ ಗಾಳಿಯಲ್ಲಿ ಇರುವ ಹೊತ್ತೂ ಉದ್ದವಾಗುತ್ತದೆ. ಬೆಚ್ಚಗಿರಲು ವೇಗ ತಗ್ಗಿಸಿದರೆ ಸಾಲದು, ಗಾಳಿಗೆ ಅಡ್ಡ ಏನಾದರೂ ಬೇಕು.

ಎಷ್ಟೇ ಜೋರು ಹೋದರೂ ಬೆರಳಿನ ಉಷ್ಣತೆ ಸುತ್ತಲಿನ ಗಾಳಿಗಿಂತ ಕೆಳಗೆ ಬರಿ ಗಾಳಿಯಿಂದ ಇಳಿಯದು. ಹಿಮಾಲಯದಲ್ಲಾಗುವಂತೆ ಬೆರಳು ಹೆಪ್ಪುಗಟ್ಟಿ ಕಪ್ಪಾಗುವ ಭಯ ಇಲ್ಲಿಲ್ಲ. ಒದ್ದೆ ಕೈಯ ಮಾತು ಬೇರೆ. ಸಂಕ್ರಾಂತಿ ದಿನ ಕೂಡಲಸಂಗಮದಲ್ಲಿ ಹೊಳೆಯ ಜಳಕ ಮಾಡಿ, ತಲೆ ಆರುವ ಮೊದಲೇ ಗಾಡಿ ಹತ್ತುವವರ ಕೂದಲು, ಕೈಗಳಿಂದ ನೀರು ಆವಿಯಾಗುತ್ತ ಇನ್ನಷ್ಟು ಶಾಖ ಎಳೆದುಕೊಳ್ಳುತ್ತದೆ. ಒಂದು ಗ್ರಾಂ ನೀರು ಆವಿಯಾಗಲು 2,400 ಜೂಲ್‌ನಷ್ಟು ಶಾಖ ಬೇಕು, ಅದರಲ್ಲಿ ದೊಡ್ಡ ಪಾಲು ಹೋಗುವುದು ಮೈಯಿಂದ. ಪೂರ್ತಿ ಒರೆಸಿಕೊಂಡು, ಒಣ ಬಟ್ಟೆ ತೊಟ್ಟು, ಚಾ ಕುಡಿದು ಹೊರಟರೆ ಕಳೆದುಕೊಳ್ಳುವುದೇನೂ ಇಲ್ಲ.

ದೇಹ ಮೊದಲು ಬಿಟ್ಟುಕೊಡುವುದು ಬೆರಳನ್ನೇ

ಮೈಗೆ ಹೃದಯ, ಮಿದುಳು, ಕರುಳು ಮುಖ್ಯ. ಅವುಗಳನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟುಕೊಳ್ಳಲೇಬೇಕು. ಎದೆ, ಕುತ್ತಿಗೆಗೆ ಥಂಡಿ ತಗುಲಿದಾಗ ದೇಹ ಕೈಕಾಲಿನ ತುದಿಯ ರಕ್ತನಾಳಗಳನ್ನು ಬಿಗಿ ಮಾಡಿ ಬಿಸಿರಕ್ತವನ್ನು ಒಳಗೆ ಉಳಿಸಿಕೊಳ್ಳುತ್ತದೆ. ಬೆರಳುಗಳು ಸಣ್ಣವು, ಅವುಗಳ ಗಾತ್ರಕ್ಕೆ ಹೋಲಿಸಿದರೆ ಗಾಳಿಗೆ ಒಡ್ಡಿದ ಚರ್ಮ ಹೆಚ್ಚು. ಒಳಗೆ ಶಾಖ ಹುಟ್ಟಿಸುವ ಮಾಂಸಖಂಡ ಇಲ್ಲವೆನ್ನುವಷ್ಟು ಕಡಿಮೆ. ಅವು ಬದುಕುವುದು ರಕ್ತ ತಂದುಕೊಡುವ ಶಾಖದಿಂದ. ಆ ರಕ್ತ ಕಡಿಮೆಯಾದರೆ ಬೇಗ ತಣ್ಣಗಾಗುತ್ತವೆ.

ಇದರಿಂದ ತಿಳಿಯುವುದು ಒಂದಿದೆ, ಹೆಚ್ಚಿನವರು ಅದನ್ನು ಗಮನಿಸುವುದಿಲ್ಲ. ಕೈ ಥಂಡಿಯಾಗಿದೆ ಎಂದರೆ ಎಷ್ಟೋ ಸಲ ಎದೆ ತೆರೆದಿದೆ ಎಂದರ್ಥ. ತೆಳು ಶರ್ಟಿನ ಮೇಲೆ ದಪ್ಪ ಗ್ಲೌಸ್ ಹಾಕಿಕೊಂಡವನಿಗಿಂತ, ಎದೆ, ಕುತ್ತಿಗೆಗೆ ಗಾಳಿ ಹೊಗದಂತೆ ಮುಚ್ಚಿ ಸಾದಾ ಗ್ಲೌಸ್ ಹಾಕಿದವನ ಬೆರಳು ಬೆಚ್ಚಗಿರುವ ಸಂಭವವೇ ಹೆಚ್ಚು. ಪೇಪರ್ ಹಂಚುವ ಹುಡುಗರು ಹಳೆಯ ಪತ್ರಿಕೆಯ ನಾಲ್ಕು ಹಾಳೆಯನ್ನು ಶರ್ಟಿನೊಳಗೆ ಎದೆಗೆ ಇಟ್ಟುಕೊಳ್ಳುವುದುಂಟು. ಫ್ರಾನ್ಸಿನ ಸೈಕಲ್ ರೇಸಿನವರು ಬೆಟ್ಟ ಇಳಿಯುವಾಗ ಮಾಡುತ್ತ ಬಂದದ್ದೂ ಇದನ್ನೇ. ಕಾಗದ ಗಾಳಿ ತಡೆಯುತ್ತದೆ, ಹಾಳೆಗಳ ನಡುವೆ ನಿಂತ ಗಾಳಿ ಶಾಖ ಹಿಡಿಯುತ್ತದೆ, ಕೆಲಸ ಮುಗಿದ ಮೇಲೆ ಎಸೆದರೂ ನಷ್ಟವಿಲ್ಲ.

ಇನ್ನೊಂದು, ಬೆರಳನ್ನು ಮಡಿಚಿ ಹಿಡಿಯುವ ಬಲವಾದ ಸ್ನಾಯುಗಳು ಬೆರಳಿನಲ್ಲಿಲ್ಲ, ಮೊಣಕೈಗೂ ಮಣಿಕಟ್ಟಿಗೂ ನಡುವೆ ಇವೆ. ಅಲ್ಲಿಂದ ಹೊರಟ ನಾರಿನಂಥ ಹುರಿಗಳು ಬೆರಳನ್ನು ಎಳೆಯುತ್ತವೆ. ಅರ್ಧ ತೋಳಿನ ಶರ್ಟು ಹಾಕಿ ಹೋದರೆ ಈ ಸ್ನಾಯುಗಳೇ ತಣ್ಣಗಾಗಿ ಹಿಡಿತ ಸಡಿಲವಾಗುತ್ತದೆ. ಆಗ ಗ್ಲೌಸ್ ಇದ್ದೂ ಬ್ರೇಕಿಗೆ ಬಲ ಬರುವುದಿಲ್ಲ.

ಕಬ್ಬಿನ ಟ್ರ್ಯಾಕ್ಟರಿನ ಹಿಂದೆ

ಚರ್ಮದ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದಾಗ ಬೆರಳಿನ ಚುರುಕು ಕಡಿಮೆಯಾಗುತ್ತದೆ, ಇನ್ನೂ ಇಳಿದರೆ ಮುಟ್ಟಿದ್ದೇ ಗೊತ್ತಾಗುವುದಿಲ್ಲ. ಬಲಗೈಗೆ ಎಕ್ಸಲೇಟರು ಮತ್ತು ಮುಂದಿನ ಬ್ರೇಕು, ಎಡಗೈಗೆ ಕ್ಲಚ್ಚು, ಬಲಗಾಲಿಗೆ ಹಿಂದಿನ ಬ್ರೇಕು, ಎಡಗಾಲಿಗೆ ಗೇರು. ಗಾಡಿಯ ಅಷ್ಟೂ ಹತೋಟಿ ಇರುವುದು ಮೊದಲು ಮರಗಟ್ಟುವ ಈ ನಾಲ್ಕು ತುದಿಗಳಲ್ಲೇ.

ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಸೆಟೆದ ಬೆರಳು ಬ್ರೇಕ್ ಹಿಡಿಯಲು ಅರ್ಧ ಸೆಕೆಂಡ್ ತಡ ಮಾಡಿದರೂ 8 ಮೀಟರ್ ಹೆಚ್ಚು. ಚಳಿಗಾಲ ಎಂದರೆ ಬಾಗಲಕೋಟೆ ಜಿಲ್ಲೆಯಲ್ಲಿ ಕಬ್ಬು ನುರಿಸುವ ಕಾಲವೂ ಹೌದು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯಿಡೀ ಕಾರ್ಖಾನೆಗಳ ಕಡೆ ಸಾಗುತ್ತವೆ. ಎಷ್ಟಕ್ಕೋ ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಇದ್ದರೂ ಕಬ್ಬಿನ ಗರಿ ಅದನ್ನು ಮುಚ್ಚಿರುತ್ತದೆ. ಮಂಜಿನಲ್ಲಿ ಅದು ಕಣ್ಣಿಗೆ ಬೀಳುವುದೇ ತಡ, ಆ ಮೇಲೆ ಕೈಯೂ ತಡ. ನಿಧಾನ ಹೋಗಬೇಕಾದದ್ದು ಇದಕ್ಕಾಗಿ, ಬೆಚ್ಚಗಿರಲಿಕ್ಕಲ್ಲ. ಹುನಗುಂದ-ಇಳಕಲ್‌ನಂಥ ಹದಿನೈದು ಕಿಲೋಮೀಟರ್ ಆಸುಪಾಸಿನ ದಾರಿಗೆ 60ರ ಬದಲು 40ರಲ್ಲಿ ಹೋದರೆ ಹೆಚ್ಚಾಗುವುದು ಏಳೆಂಟು ನಿಮಿಷ.

ಕೈಗೆ

ಗ್ಲೌಸ್ ಎಂದ ಕೂಡಲೇ ಜನ ಉಲ್ಲನ್ನಿನದು ಕೊಳ್ಳುತ್ತಾರೆ. ನಿಂತವನಿಗೆ ಉಲ್ಲನ್ ಚೆನ್ನ, ಗಾಡಿ ಓಡಿಸುವವನಿಗೆ ಅದರ ಹೆಣಿಗೆಯ ಕಂಡಿಗಳಲ್ಲಿ ಗಾಳಿ ನೇರ ನುಗ್ಗುತ್ತದೆ. ಸಾಲದ್ದಕ್ಕೆ ನುಣುಪಾದ ಹಿಡಿಕೆಯ ಮೇಲೆ ಜಾರುತ್ತದೆ. ಒಳಗೆ ತೆಳು ಉಲ್ಲನ್, ಹೊರಗೆ ಗಾಳಿ ತಡೆಯುವ ರೆಕ್ಸಿನ್ ಅಥವಾ ತೊಗಲು ಇದ್ದರೆ ಕೆಲಸ ಆಗುತ್ತದೆ. ಬಿಗಿ ಇರಬಾರದು, ಬಿಗಿಯಾದರೆ ರಕ್ತ ಓಡುವುದಿಲ್ಲ, ಒಳಗೆ ಬೆಚ್ಚನೆಯ ಗಾಳಿಗೂ ಜಾಗವಿಲ್ಲ. ತೋಳಿನ ತುದಿಯನ್ನು ಗ್ಲೌಸಿನೊಳಗೆ ಸೇರಿಸಬೇಕು, ಇಲ್ಲವಾದರೆ ಮಣಿಕಟ್ಟಿನಲ್ಲಿ ಹೊಕ್ಕ ಗಾಳಿ ಬಗಲವರೆಗೂ ಹೋಗುತ್ತದೆ. ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಹೊಡೆಯುವವರನ್ನು ನೋಡಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಅದು ಜಾರುತ್ತದೆ, ಲಿವರಿಗೆ ಸಿಕ್ಕಿಕೊಳ್ಳುತ್ತದೆ.

ಗಾಡಿಗೇ ಅಡ್ಡ ಕಟ್ಟುವುದು ಇದಕ್ಕಿಂತ ಜಾಣತನ. ಪ್ಲಾಟಿನಾದಂಥ ಕೆಲವು ಗಾಡಿಗಳಿಗೆ ಹಿಡಿಕೆಯ ಮುಂದೆ ಪ್ಲಾಸ್ಟಿಕ್ ಹ್ಯಾಂಡ್ ಗಾರ್ಡ್ ಕಂಪನಿಯಿಂದಲೇ ಬರುತ್ತದೆ. ಉಳಿದವಕ್ಕೂ ಅಂಗಡಿಯಲ್ಲಿ ಸಿಗುತ್ತದೆ. ಗಾಳಿ ನೇರ ಬೆರಳಿಗೆ ಬಡಿಯದಿದ್ದರೆ ಅರ್ಧ ಕೆಲಸ ಮುಗಿಯಿತು. ಉತ್ತರ ಭಾರತದಲ್ಲಿ ಹಿಡಿಕೆ, ಲಿವರು ಎರಡನ್ನೂ ಒಳಗೊಂಡ ಚೀಲದಂಥ ಹ್ಯಾಂಡಲ್ ಕವರ್ ಹಾಕುತ್ತಾರೆ, ಕೈ ಅದರೊಳಗೆ ಹೋಗುತ್ತದೆ. ನಮ್ಮ ಸೀಟ್ ಕವರ್ ಹೊಲಿಯುವವರು ರೆಕ್ಸಿನ್ನಿನಲ್ಲಿ ಇದನ್ನು ಹೊಲಿದು ಕೊಡಬಲ್ಲರು. ಎರಡು ಸಂಗತಿ ಮಾತ್ರ ಅವರಿಗೆ ಹೇಳಬೇಕು. ಬಾಯಿ ಅಗಲವಿರಲಿ, ಬಿದ್ದಾಗ ಕೈ ತಟ್ಟನೆ ಹೊರಬರಬೇಕು. ಮುಂಭಾಗ ಗಟ್ಟಿಯಿರಲಿ, ಮೆತ್ತಗಿದ್ದರೆ ಎದುರು ಗಾಳಿ ಅದನ್ನು ಒತ್ತಿ ಬ್ರೇಕ್ ಲಿವರ್ ಮೇಲೆ ಭಾರ ಬೀಳುತ್ತದೆ.

ಇನ್ನು ಲಿವರ್. ಅದು ಅಲ್ಯೂಮಿನಿಯಂ. ಶಾಖವನ್ನು ಎಳೆದುಕೊಳ್ಳುವುದರಲ್ಲಿ ಅಲ್ಯೂಮಿನಿಯಂ ಬಲು ಚುರುಕು, ಗ್ಲೌಸಿಲ್ಲದ ಎರಡು ಬೆರಳು ಸದಾ ಅದರ ಮೇಲೆ. ಪಂಕ್ಚರ್ ಅಂಗಡಿಯಲ್ಲಿ ಹಳೆಯ ಸೈಕಲ್ ಟ್ಯೂಬಿನ ಗೇಣುದ್ದ ತುಂಡು ಕತ್ತರಿಸಿ, ಒಳಗೆ ಸ್ವಲ್ಪ ಸೋಪಿನ ನೀರು ಹಚ್ಚಿ ಲಿವರಿಗೆ ತೊಡಿಸಿದರೆ ಸರಸರ ಏರಿ ಕೂರುತ್ತದೆ. ಒಣಗಿದ ಮೇಲೆ ಅಲ್ಲಾಡುವುದಿಲ್ಲ. ರಬ್ಬರಿಗೆ ಶಾಖ ಎಳೆಯುವ ಗುಣ ಕಡಿಮೆ, ಮೇಲಾಗಿ ಹಿಡಿತ ಸಿಗುತ್ತದೆ.

ಕರೆಂಟಿನಿಂದ ಬಿಸಿಯಾಗುವ ಹಿಡಿಕೆಗಳೂ ಇವೆ. ದೊಡ್ಡ ಗಾಡಿಗಳಿಗೆ ಸರಿ. ನೂರು ಸಿಸಿಯ ಗಾಡಿ ಹುಟ್ಟಿಸುವ ಕರೆಂಟು ಕಡಿಮೆ, 2017ರ ಏಪ್ರಿಲ್‌ನಿಂದ ಬಂದ ಹೊಸ ಗಾಡಿಗಳಲ್ಲಿ ಹೆಡ್‌ಲೈಟು ಹಗಲೂ ಉರಿಯುತ್ತಿರುತ್ತದೆ. ಅದರ ಮೇಲೆ ಇದನ್ನೂ ಹೇರಿದರೆ ಬ್ಯಾಟರಿ ಕೈ ಕೊಡುತ್ತದೆ.

ಕಾಲಿಗೆ

ಕಾಲಿನ ವಿಷಯ ಹೆಚ್ಚು ಹೇಳುವಂಥದ್ದಿಲ್ಲ, ಚಪ್ಪಲಿ ಬಿಟ್ಟು ಬೂಟು ಹಾಕಿದರೆ ಮುಕ್ಕಾಲು ಪಾಲು ಮುಗಿಯಿತು. ಎರಡು ಜೊತೆ ಕಾಲುಚೀಲ ತುರುಕಿ ಬೂಟು ಬಿಗಿಯಾದರೆ ಮತ್ತೆ ರಕ್ತ ಓಡುವುದಿಲ್ಲ. ಒಂದು ಜೊತೆ ದಪ್ಪನೆಯದು ಹಾಕಿ, ಬೂಟಿನ ತುದಿಗೆ ಪೇಪರ್ ಹಾಳೆ ಮಡಿಚಿ ಇಟ್ಟರೆ ಬೆರಳಿಗೆ ಗಾಳಿ ತಾಗದು. ಲೆಗ್ ಗಾರ್ಡಿಗೆ ತಾಡಪತ್ರಿಯ ತುಂಡು ಬಿಗಿದು ಕಟ್ಟುವ ಹಾಲಿನವರ ಉಪಾಯ ಮೊಣಕಾಲು, ಪಾದ ಎರಡನ್ನೂ ಕಾಯುತ್ತದೆ. ಎಂಜಿನ್ನಿಗೆ ಗಾಳಿ ಹೋಗಲು ನಡುವೆ ಜಾಗ ಬಿಟ್ಟಿರಬೇಕು ಅಷ್ಟೇ, ಅದು ಗಾಳಿಯಿಂದ ತಣಿಯುವ ಎಂಜಿನ್. ಕಾಲಿಡುವ ಕಬ್ಬಿಣದ ಮೇಲಿನ ರಬ್ಬರ್ ಸವೆದಿದ್ದರೆ ಹೊಸದು ಹಾಕಿಸಿ.

ಹಿಂದೆ ಕೂತ ಹೆಂಗಸರ ಪಾದಕ್ಕೆ ಗಾಳಿ ಇನ್ನೂ ಜೋರು. ಸೀರೆಯ ನೆರಿಗೆ ಹಾರದಂತೆ ಹಿಡಿಯುವುದರಲ್ಲೇ ಒಂದು ಕೈ ಕಳೆಯುತ್ತದೆ. ಕೌದಿಯ ತುಂಡನ್ನೋ ಶಾಲನ್ನೋ ಸೊಂಟದಿಂದ ಕೆಳಗೆ ಸುತ್ತಿಕೊಂಡರೆ ಬೆಚ್ಚಗೇನೋ ಇರುತ್ತದೆ. ತುದಿ ಮಾತ್ರ ತೊಡೆಯ ಕೆಳಗೆ ಸಿಕ್ಕಿಸಿರಬೇಕು. ಹಿಂದಿನ ಗಾಲಿ, ಚೈನು ಬಟ್ಟೆ ಎಳೆದುಕೊಳ್ಳಲು ಕ್ಷಣ ಸಾಕು.

ಕಲ್ಲು ಕೊರೆಯುವ ಕೈಗಳು

ಇಳಕಲ್ ಎಂದರೆ ಹೊರಗಿನವರಿಗೆ ಸೀರೆ. ಊರಿನ ಸುತ್ತ ಕೆಂಪು ಗ್ರಾನೈಟಿನ ದೊಡ್ಡ ಉದ್ಯಮವೂ ಇದೆ. ಗಾಳಿಯ ಒತ್ತಡದ ಡ್ರಿಲ್ಲು, ಕೊರೆಯುವ ಯಂತ್ರಗಳನ್ನು ವರ್ಷಗಟ್ಟಲೆ ಹಿಡಿದವರ ಕೈಗೆ ಚಳಿ ಬೇರೆಯದೇ ರೀತಿ ಕಾಡಬಹುದು. ನಡುಗುವ ಯಂತ್ರ ಬೆರಳಿನ ಸಣ್ಣ ರಕ್ತನಾಳ, ನರಗಳನ್ನು ಕೆಡಿಸುತ್ತದೆ. ಆ ಮೇಲೆ ಸ್ವಲ್ಪ ಥಂಡಿ ತಗುಲಿದರೂ ಬೆರಳು ತುದಿಯಿಂದ ಸುಣ್ಣ ಬಳಿದಂತೆ ಬೆಳ್ಳಗಾಗಿ, ಮುಟ್ಟಿದ್ದು ತಿಳಿಯದಾಗುತ್ತದೆ. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಇಂಡಿಯಾನಾದ ಸುಣ್ಣದಕಲ್ಲಿನ ಕೆಲಸಗಾರರಲ್ಲಿ ಇದನ್ನು ಕಂಡು ದಾಖಲಿಸಿದ್ದರು. ಚಳಿಯ ಬೆಳಗುಗಳಲ್ಲಿ ಅದು ಜೋರಾಗುತ್ತಿತ್ತು.

ಇಂಥ ಕೈಯವರು ಬೆಳಿಗ್ಗೆ ಗಾಡಿ ಹೊಡೆಯುವಾಗ ಹಿಡಿಕೆಯ ನಡುಕವೂ ಥಂಡಿಯೂ ಒಟ್ಟಿಗೆ ಸೇರುತ್ತವೆ. ಬೆರಳು ಮತ್ತೆಮತ್ತೆ ಬೆಳ್ಳಗಾಗುತ್ತಿದ್ದರೆ ಅದನ್ನು ‘ಥಂಡಿಗೆ ಹಂಗ ಆಗ್ತೈತಿ’ ಎಂದು ತಳ್ಳಿಹಾಕದೆ, ತಾವು ಮಾಡುವ ಕೆಲಸ ಯಾವುದು ಎಂಬುದನ್ನೂ ಹೇಳಿ ಡಾಕ್ಟರಿಗೆ ತೋರಿಸಬೇಕು. ಇವರಿಗೆ ಬೀಡಿ ಎರಡು ಪಟ್ಟು ಕೆಡುಕು. ತಂಬಾಕಿನ ನಿಕೋಟಿನ್ ಆಗಲೇ ಬಿಗಿದ ನಾಳಗಳನ್ನು ಇನ್ನಷ್ಟು ಬಿಗಿಯುತ್ತದೆ. ಹೊಗೆ ಬೆಚ್ಚಗನ್ನಿಸುತ್ತದೆ, ಬೆರಳು ತಣ್ಣಗಾಗುತ್ತದೆ. ಸೆರೆಯೂ ಇದೇ ಬಗೆಯ ಮೋಸ. ಚರ್ಮದ ನಾಳ ಹಿಗ್ಗಿ ಮೈ ಬಿಸಿಯೇರಿದಂತೆ ಅನ್ನಿಸುವಾಗ ಒಳಗಿನ ಶಾಖ ಹೊರಗೆ ಸೋರುತ್ತಿರುತ್ತದೆ. ಕುಡಿದು ಗಾಡಿ ಹತ್ತಬಾರದೆಂಬುದಕ್ಕೆ ಬೇರೆ ಕಾರಣಗಳೂ ಸಾಕಷ್ಟಿವೆ.

ಎಂಜಿನ್ ಮೇಲೆ ಕೈ

ಚಾದಂಗಡಿ ಮುಂದೆ ನಿಲ್ಲಿಸಿ ಸೈಲೆನ್ಸರಿಗೆ, ಎಂಜಿನ್ನಿಗೆ ಕೈ ಹಿಡಿಯುವುದು ಎಲ್ಲ ಕಡೆ ಕಾಣುವ ನೋಟ. ಸೆಟೆದ ಕೈಗೆ ಸುಡುವುದು ತಡವಾಗಿ ತಿಳಿಯುತ್ತದೆ, ಅಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದವರಂತೂ ಪಾದವನ್ನು ಬೆಂಕಿಗೋ ಬಿಸಿನೀರಿಗೋ ಒಡ್ಡಲೇಬಾರದು. ಅವರಿಗೆ ಸುಟ್ಟದ್ದು ಗೊತ್ತಾಗದೆಯೂ ಇರಬಹುದು.

ಬಗಲಲ್ಲಿ ಕೈ ಇಟ್ಟುಕೊಳ್ಳಿ, ತೋಳು ಬೀಸಿ, ಚಾದ ಲೋಟ ಎರಡೂ ಕೈಲಿ ಹಿಡಿಯಿರಿ. ರಕ್ತ ಮರಳುವಾಗ ಸೂಜಿ ಚುಚ್ಚಿದಂತೆ ನೋವಾಗುತ್ತದೆ, ಹೆದರಬೇಕಿಲ್ಲ. ಆ ನೋವು ಇಳಿದು ಬೆರಳು ಪೂರ್ತಿ ಮಡಿಚಲು ಬರುವವರೆಗೆ ಹೊರಡಬೇಡಿ. ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಲು ಆಗದಿದ್ದರೆ ಕ್ಲಚ್ ಹಿಡಿಯುವ ಕೈ ಅದಲ್ಲ.

ಟ್ಯಾಂಕ್ ಮೇಲಿನ ಕೂಸು

ಇಷ್ಟೆಲ್ಲ ಹೊಡೆಯುವವನ ಮಾತಾಯಿತು. ಅವನ ಮುಂದೆ ಟ್ಯಾಂಕಿನ ಮೇಲೆ ಕೂತ ನಾಲ್ಕೈದು ವರ್ಷದ ಕೂಸಿನ ಕಡೆ ಯಾರೂ ನೋಡುವುದಿಲ್ಲ. ಅಪ್ಪನಿಗೆ ಬಡಿಯಬೇಕಾದ ಗಾಳಿಯನ್ನು ತಡೆಯುತ್ತಿರುವುದು ಅದೇ. ಸಣ್ಣ ಮೈ ಬೇಗ ತಣ್ಣಗಾಗುತ್ತದೆ, ಅಪ್ಪನಂತೆ ಅದಕ್ಕೆ ಕೈಯಾಡಿಸುವ ಕೆಲಸವೂ ಇಲ್ಲ. ತಲೆಗೆ ಕುಲಾಯಿ, ಮೈಗೆ ಸ್ವೆಟರ್ ಹಾಕಿರುತ್ತಾರೆ. ಅಂಗೈ ಮಾತ್ರ ಹ್ಯಾಂಡಲಿನ ನಡುವಿನ ಬರಿ ಕಬ್ಬಿಣ ಹಿಡಿದಿರುತ್ತದೆ, ಪಾದ ಬರಿದಾಗಿ ತೂಗಾಡುತ್ತಿರುತ್ತದೆ. ಥಂಡಿ ಹತ್ತಿದ ಕೂಸು ಅಳುವುದಕ್ಕಿಂತ ಸುಮ್ಮನಾಗುವುದೇ ಹೆಚ್ಚು, ನಿದ್ದೆ ಹತ್ತಿತು ಎಂದು ದೊಡ್ಡವರು ತಿಳಿಯುತ್ತಾರೆ.

2022ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದ ಪ್ರಕಾರ ನಾಲ್ಕು ವರ್ಷದೊಳಗಿನ ಮಕ್ಕಳನ್ನು ಗಾಡಿಯಲ್ಲಿ ಒಯ್ಯುವಾಗ ದೊಡ್ಡವರ ಮೈಗೆ ಬಿಗಿಯುವ ಬೆಲ್ಟು ಇರಬೇಕು, ಮಗುವಿಗೆ ಅಳತೆಯ ಹೆಲ್ಮೆಟ್ ಇರಬೇಕು, ವೇಗ 40 ದಾಟಬಾರದು. ಚಳಿಗೆಂದು ಬರೆದ ನಿಯಮ ಅದಲ್ಲ, ಆದರೂ ಚಳಿಗೆ ಒಗ್ಗುತ್ತದೆ. ಬೆಲ್ಟು ಕಟ್ಟಿದರೆ ಮಗು ಹಿಂದೆ, ಹೊಡೆಯುವವರ ಬೆನ್ನಿಗೆ ಅಂಟಿ ಕೂರುತ್ತದೆ. ಗಾಳಿ ಬೆನ್ನಿನಾಚೆಗೇ ಉಳಿಯುತ್ತದೆ. ಅದರ ಹಿಂದೆ ತಾಯಿ ಕೂತು, ಕಾಲುಚೀಲ ತೊಡಿಸಿದ ಎರಡು ಪಾದಗಳನ್ನು ತನ್ನ ಶಾಲಿನೊಳಗೆ ಸೇರಿಸಿಕೊಂಡರೆ ಬಾದಾಮಿಯಿಂದ ಗುಳೇದಗುಡ್ಡದವರೆಗೆ ಮಗುವಿಗೆ ಥಂಡಿ ತಾಗುವುದು ಮೂಗಿನ ತುದಿಗಷ್ಟೇ.